ಬೆಳ್ಳಗಿನದು ನನಗೆ, ಕಪ್ಪಗಿನದು ಅವರಿಗೆ

ನಮ್ಮತ್ತೆಯನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ನನಗೆ ಅತ್ತೆ, ನನ್ನ ಗಂಡನಿಗೆ ಅಮ್ಮ, ಮಗಳಿಗೆ ಅಜ್ಜಿ, ಕೆಳಗಿನ ಮನೆಯವರಿಗೆ ಮೇಲಿನ ಮನೆಯಮ್ಮ. ಮದುವೆಯಾದ ಮೇಲೂ ಓದುತ್ತೇನೆ ಎಂದಾಗ ಉಳಿದವರೆಲ್ಲ ಮೂಗು ಮುರಿದರು. "ಅವಳು ಓದ್ಲಿ, ಒಲೆ ನಾನು ನೋಡ್ಕೋತೀನಿ" ಎಂದವರು ಇವರೊಬ್ಬರೇ. ಓದುವುದು ಜೇಡಗಳ ಬಗ್ಗೆ ಎಂದು ತಿಳಿದಾಗ ಮುಖ ಸಿಂಡರಿಸಿದರು, ಆದರೆ ಕೊಟ್ಟ ಮಾತು ತಪ್ಪಲಿಲ್ಲ. ಅದಕ್ಕೇ ನನಗೆ ಸಿಗುವ ಮೊದಲ ಹೊಸ ಜೇಡಕ್ಕೆ ಅವರ ಹೆಸರಿಡುತ್ತೇನೆಂದು ಹೇಳಿಬಿಟ್ಟಿದ್ದೆ. ಸಿಕ್ಕಿತೆಂದು ಹೇಳಿದ ದಿನ, "ಎಷ್ಟು ದೊಡ್ಡದೇ ಅದು?" ಎಂದರು. ಸಾಸಿವೆಯ ಅರ್ಧ ಎಂದೆ. "ಹಾಗಾದ್ರೆ ಪರವಾಗಿಲ್ಲ, ಯಾರಿಗೂ ಹೆದರಿಕೆ ಆಗಲ್ಲ." ಅಂದಿನಿಂದ ಕೆಳಗಿನ ಮನೆಯವರ ಮುಂದೆ ಅವರದು ತಮ್ಮ ಹೆಸರಿನ ಜೇಡದ್ದೇ ಮಾತು.

ಜೇಡ ಸಿಕ್ಕಿದ್ದು ಮಳೆಕಾಡಿನಿಂದ ಮೂಟೆ ಕಟ್ಟಿ ತಂದ ತರಗೆಲೆಯಲ್ಲಿ. ನಮ್ಮ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಆ ಎಲೆಯನ್ನು ಜರಡಿ ಹಿಡಿದು, ಬಿಳಿ ತಟ್ಟೆಗೆ ಉದುರಿಸಿ, ಓಡಾಡುವ ಚುಕ್ಕೆಗಳನ್ನು ಒದ್ದೆ ಕುಂಚದ ತುದಿಯಿಂದ ಎತ್ತಿಕೊಳ್ಳಬೇಕು. ನನ್ನ ಜೊತೆ ಅಲ್ಲಿ ಕೆಲಸ ಮಾಡುವವರು ಕೊಕ್ಕೆ ಸಾಹೇಬರು. ಎಲ್ಲದಕ್ಕೂ ಕೊಕ್ಕೆ ತೆಗೆಯುವುದರಿಂದ ಆ ಹೆಸರು; ಬೆನ್ನ ಹಿಂದೆ ಮಾತ್ರ ಕರೆಯುತ್ತೇವೆ. ತಟ್ಟೆಯಲ್ಲಿ ಎರಡು ಬಗೆ ಕಂಡವು. ಕೆಲವು ಬೆಳ್ಳಗೆ, ಗುಂಡಗೆ; ಕೆಲವು ಕಪ್ಪಗೆ, ತಲೆ ಉಬ್ಬಿಕೊಂಡಂಥವು. ಎರಡೂ ಯಾವ ಪುಸ್ತಕದಲ್ಲೂ ಇಲ್ಲ. ನಾಳೆ ಜಗಳ ಬೇಡವೆಂದು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಂತೆ ಹಂಚಿಕೊಂಡೆವು. ಬೆಳ್ಳಗಿನದು ನನಗೆ, ಕಪ್ಪಗಿನದು ಅವರಿಗೆ.

ಆಮೇಲೆ ಶುರುವಾಯಿತು ವರ್ಣನೆ. ಕಣ್ಣುಗಳ ಸಾಲು, ಕಾಲಿನ ರೋಮ, ಹೊಟ್ಟೆಯ ಮೇಲಿನ ಮಚ್ಚೆ ಎಲ್ಲವನ್ನೂ ಮೈಕ್ರೋಸ್ಕೋಪಿನಲ್ಲಿ ಅಳೆದೆ, ಚಿತ್ರ ಬರೆದೆ. ಕತ್ತು ಹಿಡಿದುಕೊಂಡಿತು. ಒಬ್ಬರದನ್ನು ಇನ್ನೊಬ್ಬರು ಇಣುಕಬಾರದೆಂದು ಮೇಜಿನ ನಡುವೆ ಡಬ್ಬಿಗಳ ಗೋಡೆ ಬೇರೆ ಎದ್ದಿತ್ತು.

ಬರವಣಿಗೆ ಮುಗಿಯುತ್ತಾ ಬಂದಾಗ, ಚಹಾ ಹೀರುತ್ತಾ ಕೊಕ್ಕೆ ಸಾಹೇಬರು ಗೊಣಗಿದರು. "ಒಂದೇ ಕೊರಗು ನೋಡಿ. ನನ್ನವೆಲ್ಲ ಗಂಡೇ. ಒಂದಾದ್ರೂ ಹೆಣ್ಣು ಸಿಗಬಾರದಾ?"

ನಾನು ಲೋಟ ಕೆಳಗಿಟ್ಟೆ. ನನ್ನವೆಲ್ಲ ಹೆಣ್ಣು. ಗಂಡುಗಳು ಜರಡಿಯಿಂದ ಜಾರಿಹೋಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಬಾಯಿ ಮುಚ್ಚಿಕೊಂಡಿರೋಣ ಅಂದುಕೊಂಡೆ, ಆದರೆ ನನ್ನ ಮುಖ ಸುಮ್ಮನಿರಲಿಲ್ಲ.

"ಗಂಡ ಹೆಂಡ್ತೀನ ಪಾಲು ಮಾಡ್ಕೊಂಡ್ವಾ ನಾವು?" ಎಂದರು ಅವರು ಮೆಲ್ಲಗೆ. ಇಬ್ಬರೂ ಡಾಕ್ಟರೇಟ್ ಪಡೆದವರು.

ಪ್ರಭೇದ ಒಂದೇ ಎಂದಾದರೆ ಹೆಸರೂ ಒಂದೇ. ಅವರು ತಮ್ಮ ಜೇಡಕ್ಕೆ ಹೆಂಡತಿಯ ತಂದೆಯ ಹೆಸರಿಡಲು ನಿಶ್ಚಯಿಸಿದ್ದರು. ಇಂಥ ಜೇಡಗಳಲ್ಲಿ ಪ್ರಭೇದ ಗುರುತಿಸಲು ಗಂಡಿನ ಲಕ್ಷಣಗಳೇ ಗಟ್ಟಿ ಆಧಾರ, ಹಾಗಾಗಿ ಅವರ ಮಾತಿಗೇ ತೂಕ ಹೆಚ್ಚು. ಕೊನೆಗೆ ಜೀವಂತವಿದ್ದ ಒಂದು ಕಪ್ಪಗಿನದನ್ನು ನನ್ನ ಬೆಳ್ಳಗಿನವಳ ಡಬ್ಬಿಗೆ ಬಿಟ್ಟು ನೋಡುವುದೆಂದಾಯಿತು. ಬೇರೆ ಪ್ರಭೇದವಾದರೆ ಅವಳು ಅವನನ್ನು ನುಂಗಿ ನೀರು ಕುಡಿಯುವ ಸಂಭವವೇ ಹೆಚ್ಚು. ತಿನ್ನೇ ತಾಯಿ, ತಿನ್ನು, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಬಲೆಯ ಅಂಚಿನಲ್ಲಿ ನಿಂತು ಒಂದು ಎಳೆಯನ್ನು ಮೀಟಿದ. ಅವಳು ಅಲುಗಲಿಲ್ಲ. ಮತ್ತೆ ಮೀಟಿದ. ಅವಳೂ ಒಂದು ಕಾಲೆತ್ತಿ ಮೀಟಿದಳು. ಮುಂದಿನದನ್ನು ನಾವಿಬ್ಬರೂ ಸರದಿಯ ಮೇಲೆ ನೋಡಿದೆವು, ವಿಜ್ಞಾನಕ್ಕೋಸ್ಕರ.

ಮನೆಗೆ ಬಂದು, ಎರಡೂ ಒಂದೇ ಜೇಡ, ನಿಮ್ಮ ಹೆಸರು ಬರುವುದಿಲ್ಲ ಎಂದು ಅತ್ತೆಗೆ ಹೇಳಿದೆ. ಪಾತ್ರೆ ಒರೆಸುತ್ತಿದ್ದರು. "ಹೋಗ್ಲಿ ಬಿಡೆ, ಅವರಿಬ್ರೂ ಚೆನ್ನಾಗಿದ್ರೆ ಸಾಕು" ಎಂದು ನಕ್ಕರು. ಆಮೇಲೆ, "ಕೆಳಗಿನ ಮನೆಯವರಿಗೆ ನೀನೇ ಹೇಳ್ತೀಯಾ?" ಎಂದು ಕೇಳಿದರು.

ಭಾನುವಾರ ಕೊಕ್ಕೆ ಸಾಹೇಬರು ಮನೆಗೇ ಬಂದರು. ಇಂಗು ತಿಂದ ಮಂಗನ ಹಾಗಿದ್ದರು.

"ಮಾವ ಒಪ್ಪಲಿಲ್ಲ" ಎಂದರು. "ಜೇಡದ ಅಳತೆ ಹೇಳಿದ್ದೇ ತಡ, ಊಟದ ಮುಂದಿನಿಂದ ಎದ್ದೇಬಿಟ್ರು. ಇಷ್ಟು ವರ್ಷ ಓದಿದ ನಿಮಗೆ ನನ್ನ ಯೋಗ್ಯತೆಗೆ ಇದೇನಾ ಸಿಕ್ಕಿದ್ದು, ಕನಿಷ್ಠ ಒಂದು ಕಪ್ಪೆನಾದ್ರೂ ಹುಡುಕಬಾರದಿತ್ತಾ ಅಂದ್ರು. ನನ್ನ ಹೆಂಡ್ತಿನೂ ಅವರ ಕಡೆಗೇ."

ನಗು ತಡೆಯಲು ನಾನು ಕೆಮ್ಮಿದೆ.

"ನಗಿ, ಪರವಾಗಿಲ್ಲ. ನಿಮ್ಮತ್ತೆಯವರ ಹೆಸರು ಹೇಳಿ, ಬರೆದು ಮುಗಿಸೋಣ."

ಊಟದ ಮೇಜಿನ ಮೇಲೆ ಎರಡೂ ವರ್ಣನೆಗಳನ್ನು ಸೇರಿಸಿ ಒಂದೇ ಪ್ರಬಂಧ ಮಾಡಿದೆವು. ತಲೆಬರಹದಲ್ಲಿ ಹೆಸರು ಬರೆದು, ತಪ್ಪು ಹಿಡಿಯಲೆಂದು ಅವರು ಗಟ್ಟಿಯಾಗಿ ಓದಿದರು. ಅತ್ತೆಯ ಹೆಸರಿನ ಕೊನೆಗೆ ಲ್ಯಾಟಿನ್ ಪ್ರತ್ಯಯದ ಬಾಲ ಹಚ್ಚಿದ್ದು ಸರಿಯಿಲ್ಲವೆಂದು ಅಲ್ಲೂ ಕೊಕ್ಕೆ ತೆಗೆದು, ಬಾಲ ಬಿಟ್ಟು ಬರೀ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿ ನೋಡಿದರು.

"ಬಂದೇ" ಎಂದು ಅಡುಗೆಮನೆಯಿಂದ ದನಿ ಬಂತು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಶಾಲೆಯ ಹುಡುಗಿಯೊಬ್ಬಳು ಹಾಜರಿ ಹೇಳಿದ ಹಾಗಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತರು. "ಯಾರು ಕರೆದಿದ್ದು?"

ಕೊಕ್ಕೆ ಸಾಹೇಬರು ಗಡಬಡಿಸಿ ಎದ್ದರು. "ಕರೆದಿದ್ದಲ್ಲಮ್ಮ, ಓದಿದ್ದು."

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತರು. "ಹಾಗಾದ್ರೆ ಇನ್ನೊಂದು ಸಲ ಓದಿ" ಎಂದರು.