ಹೆಗ್ಗದ್ದೆ ಲೈನಿನ ಬೀಗ

ಅರ್ಷಿಯಾ ವಾರ್ಡಿನೊಳಗೆ ಕಾಲಿಡುವ ಮೊದಲೇ ನಂಜಮ್ಮನ ದನಿ ಕೇಳಿಸಿತು. "ಬಂದ್ಲಾ? ಆನೆ ಬೋರ್ಡಿನೋಳು ಬಂದ್ಲಾ?"

ಹಾಸನದ ಆ ಆಸ್ಪತ್ರೆಯಲ್ಲಿ ನಂಜಮ್ಮನ ಗಂಡ ದೇವೀರಪ್ಪ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ. ಹಿಂದಿನ ಬೆಳಿಗ್ಗೆ ಹೆಗ್ಗದ್ದೆಯಲ್ಲಿ ಡೇರಿಗೆ ಹಾಲು ಹಾಕಲು ಹೊರಟವನಿಗೆ ತಿರುವಿನಲ್ಲಿ ಒಂಟಿ ಸಲಗ ಎದುರಾಗಿತ್ತು. ಹಾಲಿನ ಕ್ಯಾನು ಬಿಸಾಕಿ ಓಡಿ, ಎಸ್ಟೇಟ್ ಬೇಲಿಯ ಪಕ್ಕದ ಆಳ ಚರಂಡಿಗೆ ಬಿದ್ದದ್ದರಿಂದ ಜೀವ ಉಳಿದಿತ್ತು. ಸಲಗ ಆ ಕಡೆ ಇಳಿದಿದೆಯೆಂದು ಕಾಡಿನ ಕಾವಲಿನವರು ಮುಂಚಿನ ಸಂಜೆಯೇ ತಿಳಿಸಿದ್ದರು. ಆ ಸುದ್ದಿ ತಿರುವಿನಲ್ಲಿದ್ದ ಆನೆ ಎಚ್ಚರಿಕೆಯ ಬೋರ್ಡಿನ ಮೇಲೆ ಕೆಂಪು ಅಕ್ಷರಗಳಲ್ಲಿ ಬರಬೇಕಿತ್ತು. ಬೋರ್ಡು ಆರಿಹೋಗಿತ್ತು.

ಬೋರ್ಡುಗಳನ್ನು ನಡೆಸುತ್ತಿದ್ದದ್ದು ಸಕಲೇಶಪುರದಲ್ಲಿ ಅರ್ಷಿಯಾ ಮತ್ತು ಆಲೂರಿನ ಮೃತ್ಯುಂಜಯ ಸೇರಿ ಕಟ್ಟಿದ ಪುಟ್ಟ ಡೇಟಾ ಸೆಂಟರ್. ಹಳೆಯ ಕಾಫಿ ಸ್ಟೋರಿನ ಒಂದು ಕೋಣೆ, ಅದರಲ್ಲಿ ಸರ್ವರ್‌ಗಳು, ಅವುಗಳ ಮಧ್ಯೆ ಒಂದು ನೆಟ್‌ವರ್ಕ್ ಸ್ವಿಚ್. ಮಾರನಹಳ್ಳಿ, ಹೆಗ್ಗದ್ದೆ, ಸುತ್ತಲಿನ ಊರುಗಳ ಲೈನುಗಳೆಲ್ಲ ಬಂದು ಸೇರುತ್ತಿದ್ದದ್ದು ಆ ಸ್ವಿಚ್ಚಿಗೆ. ಆ ಸಂಜೆ ಸಿಡಿಲು ಹೊಡೆದಾಗ ಹೆಗ್ಗದ್ದೆ ಲೈನಿನ ಮಾಡ್ಯೂಲ್, ಅಂದರೆ ಫೈಬರ್ ತಂತಿಯನ್ನು ಸ್ವಿಚ್ಚಿಗೆ ಜೋಡಿಸುವ ಬೆರಳುದ್ದದ ತುಂಡು, ಸುಟ್ಟುಹೋಯಿತು. ಅರ್ಷಿಯಾ ಬೇರೆ ಕಂಪನಿಯದೊಂದನ್ನು ಹಾಕಿದಳು. ತುಂಡು ಚೆನ್ನಾಗಿಯೇ ಇತ್ತು. ಆದರೆ ಸ್ವಿಚ್ಚು, ಇದು ನಮ್ಮ ಕಂಪನಿಯದಲ್ಲ ಎಂದು ಪರದೆಯ ಮೇಲೆ ತೋರಿಸಿ ಆ ಲೈನನ್ನೇ ಮುಚ್ಚಿಬಿಟ್ಟಿತು. ಸ್ವಿಚ್ಚಿನ ಕಂಪನಿಗೆ ಫೋನ್ ಮಾಡಿದರೆ, "ಅದು ಯಂತ್ರದೊಳಗಿನ ಬೀಗ ಮೇಡಂ, ಯಾರಿಂದಲೂ ತೆಗೆಯೋಕಾಗಲ್ಲ. ನಮ್ಮದೇ ಮಾಡ್ಯೂಲ್ ಕಳಿಸ್ತೀವಿ" ಎಂದರು. ಅವಳು ಅದಕ್ಕಾಗಿ ಕಾದಳು.

"ನಂಜಮ್ಮಕ್ಕ, ಸ್ವಿಚ್ಚು ಲೈನ್ ಮುಚ್ಬುಡ್ತು. ಕಂಪನಿಯೋರು..."

"ನಿನ್ ಪೆಟ್ಟಿಗೆ ಕಥೆ ಯಾರಿಗೆ ಬೇಕು?" ನಂಜಮ್ಮ ಎದ್ದು ನಿಂತಳು. "ಬೋರ್ಡು ಹೋಗೈತೆ ಅಂತ ನಿಂಗೆ ಗೊತ್ತಿತ್ತಲ್ಲ? ಕೈಯಾಗೆ ಫೋನ್ ಇರ್ಲಿಲ್ವಾ? ಊರಲ್ಲಿ ಯಾರಿಗಾದ್ರೂ ಒಂದ್ ಮಾತು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ದೇವೀರಪ್ಪ ಕಣ್ಣು ಮುಚ್ಚಿಕೊಂಡೇ, "ಬುಟ್ಬುಡೇ" ಎಂದ. ನಂಜಮ್ಮ ಬಿಡಲಿಲ್ಲ. ಮಾತು ಮುಗಿಯುವ ತನಕ ಅರ್ಷಿಯಾ ನಿಂತೇ ಇದ್ದಳು.

ಸಕಲೇಶಪುರಕ್ಕೆ ಮರಳುವ ಬಸ್ಸಿನಲ್ಲಿ ಅವಳಿಗೆ ಕಂಪನಿಯ ಮೇಲೆ ಎಷ್ಟು ಸಿಟ್ಟು ಬಂತೋ ತನ್ನ ಮೇಲೂ ಅಷ್ಟೇ ಬಂತು. ಬಸ್ಸಿನಿಂದಲೇ ಒಂದೊಂದು ಊರಿಗೂ ಫೋನ್ ಮಾಡಿ, ಬೋರ್ಡು ಆರಿದರೆ ಯಾರಿಗೆ ಹೇಳಬೇಕೆಂದು ಗೊತ್ತುಮಾಡಿಕೊಂಡಳು.

ಸ್ಟೋರಿಗೆ ಬಂದರೆ ಮೃತ್ಯುಂಜಯ, "ನಾಳೆ ಕಂಪನಿಯೋರು ಬರ್ತಾರೆ. ಅವರದೇ ಹೊಸ ಸ್ವಿಚ್ಚು ಹಾಕ್ಬುಡಾಣ" ಎಂದ.

"ಅವರದೇ? ದೇವೀರಪ್ಪನ್ನ ನೋಡ್ಕೊಂಡ್ ಬಂದಿದೀನಿ ಕಣಣ್ಣ ನಾನು!"

"ಮತ್ತೇನ್ ಮಾಡಾಣ ಮಾರಾಯ್ತಿ? ದೊಡ್ಡ ಹೆಸರು, ಕೇಳೋಕೆ ಒಬ್ರು ಇರ್ತಾರೆ."

"ಕೇಳಿದೆನಲ್ಲ, ಏನಂದ್ರು? ಬೇರ್ ಮೆಟಲ್ ಸ್ವಿಚ್ ತರಾಣ. ಬರೀ ಯಂತ್ರ ಅಷ್ಟೇ. ಒಳಗಿನ ಸಾಫ್ಟ್‌ವೇರ್ ನಾವೇ ಆರಿಸಿ ಹಾಕ್ಕೊಳೋದು. ಯಾರ ಮಾಡ್ಯೂಲ್ ಹಾಕ್ಬೇಕು ಅಂತ ಅವನ್ಯಾರು ನಮಗೆ ಹೇಳೋಕೆ?"

"ಅದು ಕೆಟ್ರೆ ಯಾರಿಗೆ ಬಯ್ಯಾಣ?"

"ನಂಗೆ ಬಯ್ಯಿ."

ಮೃತ್ಯುಂಜಯ ಒಪ್ಪಲಿಲ್ಲ. ಬಂದವರ ಮಾತು ಕೇಳಿ ಆಮೇಲೆ ನೋಡೋಣ ಎಂದ.

ಮರುದಿನ ಕಂಪನಿಯ ಪ್ರತಿನಿಧಿ ಹೊಸ ಸ್ವಿಚ್ಚಿನೊಂದಿಗೆ ಬಂದ. ಅದರ ವೇಗ, ಭದ್ರತೆ ಎಲ್ಲ ಬಣ್ಣಿಸಿದ. ಅರ್ಷಿಯಾ ಅದೇ ಬೇರೆ ಕಂಪನಿಯ ಮಾಡ್ಯೂಲನ್ನು ಅದಕ್ಕೆ ಚುಚ್ಚಿದಳು. ಕೆಂಪು ದೀಪ ಹತ್ತಿಕೊಂಡಿತು.

"ಓ, ಅದಾ?" ಪ್ರತಿನಿಧಿ ನಕ್ಕ. "ನಿಮ್ಮಂಥ ಹಳೇ ಗ್ರಾಹಕರಿಗೆ ಬೀಗ ತೆಗೆದುಕೊಡ್ತೀವಿ ಮೇಡಂ." ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಟೈಪ್ ಮಾಡಿದ. ದೀಪ ಹಸಿರಾಯಿತು.

ಅರ್ಷಿಯಾ ಹಳೆಯ ಸ್ವಿಚ್ಚಿನತ್ತ ಬೆರಳು ತೋರಿಸಿದಳು. "ನಮ್ಮ ಹಳೇ ಸ್ವಿಚ್ಚಲ್ಲೂ ಹಿಂಗೇ ತೆಗೀಬೋದಿತ್ತಾ?"

"ಎರಡರದ್ದೂ ಒಂದೇ ಕಮ್ಯಾಂಡ್ ಮೇಡಂ."

"ಯಾರಿಂದ್ಲೂ ಆಗಲ್ಲ ಅಂದ್ರಲ್ಲ ಆವತ್ತು?"

"ಅದು ಸಪೋರ್ಟ್ ವಿಭಾಗ. ಅವರು ಹೇಳೋ ಹಾಗಿಲ್ಲ, ಕಂಪನಿ ನಿಯಮ."

"ಒಂದು ಸಾಲು!" ಅವಳು ಮೇಜು ಗುದ್ದಿದ ಸದ್ದಿಗೆ ಹೊರಗೆ ರಸ್ತೆಯಲ್ಲಿ ನಿಂತಿದ್ದವರು ಒಳಗೆ ಇಣುಕಿದರು. "ಒಂದು ಸಾಲು ಹೇಳಿದ್ರೆ ಆ ಮನುಷ್ಯ ಇವತ್ತು ನಡೀತಿದ್ದ. ವ್ಯಾಪಾರಕ್ಕೆ ತೆಗೀತೀರಾ, ಜೀವಕ್ಕೆ ತೆಗಿಯಲ್ವಾ? ಎತ್ಕೊಂಡ್ ಹೋಗ್ರಿ ಇದನ್ನ!"

ಪ್ರತಿನಿಧಿ ಮೃತ್ಯುಂಜಯನ ಮುಖ ನೋಡಿದ. ಮೃತ್ಯುಂಜಯ ಎದ್ದು ಸ್ವಿಚ್ಚನ್ನು ತಾನೇ ಪೆಟ್ಟಿಗೆಗೆ ತುಂಬಿ ಅವನ ಕೈಗಿಟ್ಟ.

ಹೋಗುವ ಮೊದಲು ಆ ಸಾಲನ್ನು ಹಳೆಯ ಸ್ವಿಚ್ಚಿಗೂ ಹಾಕಿಸಿಕೊಂಡೇ ಅರ್ಷಿಯಾ ಅವನನ್ನು ಬಿಟ್ಟಳು. ಹೆಗ್ಗದ್ದೆಯ ಬೋರ್ಡು ಆಗಲೇ ಹತ್ತಿಕೊಂಡಿತು. ಆದರೆ ಕಂಪನಿಯವರು ಎಂದು ಬೇಕಾದರೂ ಮತ್ತೆ ಮುಚ್ಚಬಹುದಾದ ಲೈನನ್ನು ಇಟ್ಟುಕೊಳ್ಳಲು ಈಗ ಮೃತ್ಯುಂಜಯನಿಗೂ ಮನಸ್ಸಿರಲಿಲ್ಲ.

ಬೇರ್ ಮೆಟಲ್ ಆರಿಸುವುದೂ ಸಲೀಸಾಗಲಿಲ್ಲ. ಮೊದಲು ತರಿಸಿದ ಸ್ವಿಚ್ಚಿನ ಒಳಗಿನ ಚಿಪ್, ಅವಳು ಹಾಕಬೇಕೆಂದಿದ್ದ ಸಾಫ್ಟ್‌ವೇರಿಗೆ ಗುರುತೇ ಹತ್ತಲಿಲ್ಲ. ಮಾರಿದವನು, ಯಂತ್ರ ಮಾತ್ರ ನನ್ನದು ಎಂದ. ಸಾಫ್ಟ್‌ವೇರಿನವರು, ಯಂತ್ರ ನೋಡಿ ಕೊಳ್ಳಬೇಕಿತ್ತು ಎಂದರು. ಮೃತ್ಯುಂಜಯ, "ಈಗ ಬಯ್ಲಾ?" ಎಂದ. ಅರ್ಷಿಯಾ ಹಲ್ಲು ಕಚ್ಚಿಕೊಂಡು ಅದನ್ನು ವಾಪಸ್ಸು ಕಳಿಸಿದಳು. ಈ ಸಲ ಮೊದಲು ಸಾಫ್ಟ್‌ವೇರ್ ಗೊತ್ತುಮಾಡಿ, ಅದು ಯಾವ ಚಿಪ್ಪಿನ ಮೇಲೆ ನಡೆಯುತ್ತದೆಂದು ತಿಳಿದು, ಅದೇ ಚಿಪ್ಪಿನ ಯಂತ್ರ ಹುಡುಕಿದಳು. ಒಂದು ಪವರ್ ಸಪ್ಲೈ ಸುಟ್ಟರೆ ಇನ್ನೊಂದು ನಡೆಸುವಂಥದ್ದೇ ಬೇಕೆಂದಳು. ಅಂಥವನ್ನೇ ಜೋಡಿಯಾಗಿ ತರಿಸಿ, ಬೇರೆ ಬೇರೆ ಕಂಪನಿಗಳ ಮಾಡ್ಯೂಲ್ ಹಾಕಿ, ಕರೆಂಟು ಕಿತ್ತು, ತಂತಿ ಕಿತ್ತು ಕಾಡಿಸಿ ನೋಡಿದ ಮೇಲೆಯೇ ಊರುಗಳ ಲೈನನ್ನು ಅವಕ್ಕೆ ಬದಲಾಯಿಸಿದಳು.

ಬೋರ್ಡು ಪರೀಕ್ಷಿಸಲು ಅರ್ಷಿಯಾ ಹೆಗ್ಗದ್ದೆಗೆ ಹೋದಾಗ ನಂಜಮ್ಮ ಹಾಲಿನ ಕ್ಯಾನು ಹಿಡಿದು ತಿರುವಿನಲ್ಲಿ ಬರುತ್ತಿದ್ದಳು. ದೇವೀರಪ್ಪ ಮನೆಗೆ ಬಂದಿದ್ದ. ವಾಕರ್ ಹಿಡಿದು ಅಂಗಳದವರೆಗೆ ಬರುತ್ತಿದ್ದನಷ್ಟೆ.

ನಂಜಮ್ಮ ಬೋರ್ಡು ನೋಡಿದಳು, ಅರ್ಷಿಯಾಳನ್ನು ನೋಡಿದಳು. "ಮೃತ್ಯುಂಜಯಪ್ಪ ಎಲ್ಲಾ ಹೇಳ್ದ. ಬೀಗ ತೆಗ್ಯಕ್ಕೆ ಬತ್ತಿತ್ತಂತೆ?"

"ಹೂಂ ಅಕ್ಕ."

"ನಮ್ಮನೆಯೋರನ್ನ ನೋಡಕ್ಕೆ ಆ ಕಂಪನಿಯೋರು ಒಬ್ರಾದ್ರೂ ಬಂದ್ರಾ?"

"ಇಲ್ಲ."

"ಫೋನ್ ಹಚ್ಚು."

ಅರ್ಷಿಯಾ ಪ್ರತಿನಿಧಿಯ ನಂಬರಿಗೆ ಹಚ್ಚಿ ಫೋನನ್ನು ಅವಳ ಕೈಗೆ ಕೊಟ್ಟಳು. ನಂಜಮ್ಮ ಕ್ಯಾನನ್ನು ರಸ್ತೆಯ ಮೇಲೆ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಾನು ಹೆಗ್ಗದ್ದೆ ದೇವೀರಪ್ಪನ ಹೆಂಡ್ತಿ ಕಣಯ್ಯ," ಎಂದಳು. "ಕೆಳಗೆ ಇಡಬ್ಯಾಡ ಫೋನು. ಪೂರ್ತಿ ಕೇಳು."