ಉದ್ದ ಕೀಯ ಮೇಲಿನ ಹೊಳಪು

ಮತ್ತೆ ಆ ಹೊಳಪು, ಕಿಟಕಿಯ ಪರದೆ ಗಾಳಿಗೆ ಚೂರು ಸರಿದರೆ ಸಾಕು, ಇಳಿಬಿಸಿಲು ನೇರ ಬಂದು ಸ್ಪೇಸ್ ಬಾರಿನ ಮೇಲೆ ಕೂರುತ್ತದೆ, ಉಳಿದ ಕೀಗಳೆಲ್ಲ ಮಂಕು ಕಪ್ಪು, ಆ ಉದ್ದ ಕೀಯ ಬಲಗಡೆ ಮಾತ್ರ ಒಂದು ಹೆಬ್ಬೆರಳಿನಷ್ಟು ಜಾಗ ಸವೆದು ಸವೆದು ಎಣ್ಣೆ ಸವರಿದ ಹಾಗೆ ಮಿನುಗುತ್ತದೆ, ಅಕ್ಕನ ಹೆಬ್ಬೆರಳು — ನೋಡಬೇಡ, ಸ್ಕ್ರೂ ಕಡೆ ನೋಡು, ಲ್ಯಾಪ್‌ಟಾಪ್ ಬೋರಲು ಹಾಕು, ಹಾಂ, ಈಗ ಸರಿ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸಾಸಿವೆಗಿಂತ ಚಿಕ್ಕ ಸ್ಕ್ರೂ ತಿರುಗಿಸುವವಳಿಗೆ ಇದೇನು ಮಹಾ, ಆದರೂ ಸ್ಕ್ರೂಡ್ರೈವರ್ ಜಾರುತ್ತಿದೆ, ಥೂ. ಮೂಲೆಯವು ಉದ್ದ, ನಡುವಿನವು ಗಿಡ್ಡ, ಬಿಳಿ ಬಟ್ಟೆಯ ಮೇಲೆ ಇದ್ದ ಸಾಲಿನಲ್ಲೇ ಇಡಬೇಕು, ಇಲ್ಲದಿದ್ದರೆ ಕೊನೆಗೆ ಒಂದು ಮಿಕ್ಕಿ ನನ್ನ ಮುಖ ನೋಡುತ್ತದೆ, ಅಕ್ಕ ಇದ್ದಿದ್ದರೆ, ಗಡಿಬಿಡಿ ರಾಣಿ, ಬಿಚ್ಚೋಕೇನೋ ಬರುತ್ತೆ ನಿಂಗೆ, ಮುಚ್ಚೋಕೆ ಬರುತ್ತಾ, ಅನ್ನುತ್ತಿದ್ದಳು. ಬರಲ್ಲ ಕಣೇ. ಏನಿವಾಗ.

ಪಕ್ಕದ ಕೋಣೆಯಲ್ಲಿ ಮಂಚ ಕಿರ್ ಅಂದಿತು, ಅಮ್ಮ ಎದ್ದಳೇ, ಇಲ್ಲ, ಮಗ್ಗುಲು ಬದಲಾಯಿಸಿದಳು, ಅವಳು ಏಳುವುದರೊಳಗೆ ಮುಗಿಸಬೇಕು, ಎದ್ದ ಕೂಡಲೇ ಅವಳ ಮೊದಲ ಕೆಲಸ ಕಿವಿ ಕೊಡುವುದು, ಕಣ್ಣು ಪೂರ್ತಿ ಹೋಯಿತು, ನೆನಪು ಹೋಗುತ್ತಾ ಬರುತ್ತಾ ಇದೆ, ಕಿವಿ ಮಾತ್ರ, ಅಬ್ಬಬ್ಬಾ, ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಯಾವ ಚಮಚ ಅಂತ ಹೇಳುತ್ತಾಳೆ. ಅಕ್ಕ ಸತ್ತ ದಿನ ಹೇಳಿದೆ, ಎದೆ ಬಡಿದುಕೊಂಡು ಅತ್ತಳು, ಮರುದಿನ ಎದ್ದು, ದೊಡ್ಡವಳು ಎಲ್ಲೇ, ಇನ್ನೂ ಎದ್ದಿಲ್ವಾ, ಮತ್ತೆ ಹೇಳಿದೆ, ಮತ್ತೆ ಅದೇ ಕೂಗು, ಮೊದಲ ಸಲ ಕೇಳಿದ ಹಾಗೆ, ಅದರ ಮರುದಿನವೂ, ನನ್ನ ಬಾಯಿಂದಲೇ ನನ್ನ ಅಕ್ಕ ದಿನಾ ಸಾಯಬೇಕಾ, ಡಾಕ್ಟರಮ್ಮ ನನ್ನ ಭುಜ ಹಿಡಿದು, ಇನ್ನು ಹೇಳ್ಬೇಡಿ, ಅವರ ಜೀವ ತಡ್ಕೊಳ್ಳಲ್ಲ, ಕೇಳಿದಾಗ ಏನೋ ಒಂದು ಹೇಳಿ ಸಮಾಧಾನ ಮಾಡಿ. ಏನೋ ಒಂದು ಅಂದರೆ ಏನು. ಒಳಗೆ ಕೆಲಸ ಮಾಡ್ತಿದಾಳಮ್ಮಾ, ಅಂದುಬಿಟ್ಟೆ. ಅಮ್ಮ ತಲೆ ವಾಲಿಸಿ ಕೇಳಿ, ಸದ್ದೇ ಇಲ್ವಲ್ಲೇ. ಎದ್ದು ಬಂದೆ, ಅಕ್ಕನ ಕುರ್ಚಿಯಲ್ಲಿ ಕೂತೆ, ಅಕ್ಕನ ಲ್ಯಾಪ್‌ಟಾಪ್ ತೆರೆದು ಕುಟ್ಟತೊಡಗಿದೆ, ಅಂದಿನಿಂದ ಸಂಜೆಯಾದರೆ ನನಗಿದೇ ಕೆಲಸ, ಅಮ್ಮ ಆ ಕಡೆ ನೆಮ್ಮದಿಯಾಗಿ ಮಲಗಿ ಕೇಳುತ್ತಾಳೆ.

ಆದರೆ ಈ ಹಾಳು ಕೀಬೋರ್ಡ್. ಅಕ್ಕ ಹೊರದೇಶದಲ್ಲಿದ್ದಾಗ ಕೊಂಡದ್ದು, ಅಲ್ಲಿ ಅಕ್ಷರಗಳನ್ನು ಕೂರಿಸುವ ಕ್ರಮವೇ ಬೇರೆ, ನಾನು ಕೈ ಇಟ್ಟ ಕಡೆ ನನಗೆ ಬೇಕಾದ್ದಿಲ್ಲ, ಎಡಗಡೆಯ ಶಿಫ್ಟ್ ಗಿಡ್ಡ, ಅದರ ಪಕ್ಕದಲ್ಲಿ ಕರೆಯದ ನೆಂಟನ ಹಾಗೆ ಇನ್ಯಾವುದೋ ಒಂದು ಕೀ, ಕಿರುಬೆರಳು ಪ್ರತಿ ಸಲ ಅದಕ್ಕೇ ತಗಲುತ್ತದೆ, ಒಳಗಿನ ಸೆಟ್ಟಿಂಗ್ ಬದಲಿಸಿ ಕೀಗಳ ಮೇಲೆ ಅಕ್ಷರದ ಚೀಟಿ ತಂದು ಅಂಟಿಸಿದೆ, ಅವು ಬೆರಳಿಗೇ ಅಂಟಿಕೊಂಡು ಬಂದವು, ಸೆಟ್ಟಿಂಗನ್ನೂ ಮೊದಲಿನ ಹಾಗೇ ಮಾಡಿಟ್ಟೆ. ಅಕ್ಕ ವಕೀಲರು ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ಕಿವಿಯಲ್ಲಿ ಕೇಳುತ್ತಾ ನೋಡದೆಯೇ ಟೈಪ್ ಮಾಡುತ್ತಿದ್ದವಳು, ನಾನು ಕೀ ನೋಡದೆ ಒಂದಕ್ಷರ ಒತ್ತಲಾರೆ, ಸುಮ್ಮನೆ ಕೈಗೆ ಬಂದ ಹಾಗೆ ಕುಟ್ಟಿಯೂ ನೋಡಿದೆ, ಅರ್ಥವಿಲ್ಲದ್ದನ್ನು ಕುಟ್ಟಿದರೆ ಸದ್ದಿಗೂ ಅರ್ಥವಿರುವುದಿಲ್ಲ, ಅಮ್ಮನಿಗೆ ತಕ್ಷಣ ಗೊತ್ತು, ದೊಡ್ಡವಳ ಕೈ ಎಡವ್ತಾ ಇದೆಯಲ್ಲೇ, ಮೈಗೆ ಹುಷಾರಿಲ್ವಾ, ಹಣೆ ಮುಟ್ಟಿ ನೋಡೇ, ಜ್ವರ ಇದ್ರೂ ಇರಬಹುದು. ಜ್ವರವೇ ಅಮ್ಮಾ. ಜ್ವರ ಅಂತಲೇ ಹೋದವಳು. ನಿನ್ನೆ, ಇರು, ನಾನೇ ಬಂದು ಮುಟ್ಟಿ ನೋಡ್ತೀನಿ, ಅಂತ ಗೋಡೆ ಹಿಡಿದು ಬಾಗಿಲವರೆಗೆ ಬಂದೇ ಬಿಟ್ಟಳು, ನಾನೇ ಎದ್ದು ಹೋಗಿ, ಜ್ವರ ಏನಿಲ್ಲಮ್ಮಾ, ಅಂತ ತಿರುಗಿಸಿ ಕರೆದೊಯ್ದು ಮಲಗಿಸಿದೆ. ಕಂಪ್ಯೂಟರ್ ಅಂಗಡಿಯವನು, ಬಿಟ್ಟು ಹೋಗಿ ಮೇಡಂ, ಕೀಬೋರ್ಡ್ ಬದಲಿಸೋಕೆ ಎರಡು ದಿನ ಆಗುತ್ತೆ, ಅಂದ, ಎರಡು ದಿನ ಈ ಕೋಣೆ ಸುಮ್ಮನಿದ್ದರೆ ಅಮ್ಮನಿಗೆ ಏನು ಹೇಳಲಿ, ಹೊಸ ಕೀಬೋರ್ಡ್ ಕೊಡಿ ಇಲ್ಲಿ, ನಾನೇ ಹಾಕ್ಕೋತೀನಿ, ಅಂದೆ.

ತಳದ ಮುಚ್ಚಳ ಕಳಚಿ ಬಂತು. ಕೀಬೋರ್ಡನ್ನು ಜೋಡಿಸುವ ಚಪ್ಪಟೆ ರಿಬ್ಬನ್ ತಂತಿ, ಅದರ ಪುಟ್ಟ ಮುಚ್ಚಳ, ಉಗುರಿನಿಂದ ಮೆಲ್ಲಗೆ ಎತ್ತು, ಮೆಲ್ಲಗೆ, ಬಂತು. ಇದಪ್ಪಾ ಕರ್ಮ, ಕೀಬೋರ್ಡಿಗೆ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಕೂರಿಸಿದ್ದಾರೆ, ಒಂದೊಂದನ್ನೂ ಮುರಿಯಬೇಕು, ಮುರಿದರೆ ಹಳೆಯದನ್ನು ಮತ್ತೆ ಕೂರಿಸಲಾಗುವುದಿಲ್ಲ, ಆಗದಿದ್ದರೆ ಬೇಡ, ಯಾರಿಗೆ ಬೇಕು, ಚಟ್, ಚಟ್, ಚಟ್, ಪ್ರತಿ ಚಟ್‌ಗೂ ಹಲ್ಲು ಕಚ್ಚಿ — ಕೀಗಳ ಅಡಿಯಲ್ಲಿ ಒಂದು ಉದ್ದ ಕೂದಲು, ಅರ್ಧ ನರೆತದ್ದು. ಅಯ್ಯೋ ಅಕ್ಕಾ, ನಿನಗೆ ನರೆ ಬಂದದ್ದೇ ನಾನು ನೋಡಲಿಲ್ಲವಲ್ಲೇ. ಕೂದಲನ್ನು ಬಟ್ಟೆಯ ಮೂಲೆಗಿಟ್ಟೆ, ಸ್ಕ್ರೂಗಳ ಪಕ್ಕ. ಹೊಸದನ್ನು ಕೂರಿಸಿದೆ, ಅಂಟು ಹಾಕಿದೆ, ತಂತಿ ಸೇರಿಸಿದೆ, ಒಂದೂ ಸ್ಕ್ರೂ ಮಿಗಲಿಲ್ಲ, ನೋಡಿದೆಯಾ, ಮುಚ್ಚೋಕೂ ಬರುತ್ತೆ, ಹಳೆಯದು ಮೇಜಿನ ಆ ತುದಿಯಲ್ಲಿ ಅಂಗಾತ ಬಿದ್ದು ಬಿಸಿಲಿಗೆ ಮಿನುಗುತ್ತಿದೆ, ಮಿನುಗಲಿ. ಆನ್ ಮಾಡಿ ನನ್ನ ಹೆಸರಿನ ಮೊದಲಕ್ಷರ ಒತ್ತಿದೆ, ಪರದೆಯಲ್ಲಿ ಬೇರೆಯದೇ ಬಂತು, ಕೀ ನನ್ನದು, ಬರುತ್ತಿರುವುದು ಅವಳ ಅಕ್ಷರ, ಮತ್ತೊಂದು ಒತ್ತಿದರೂ ಅವಳದೇ — ಏ ದಡ್ಡಿ, ಸೆಟ್ಟಿಂಗ್, ಒಳಗಿನ ಸೆಟ್ಟಿಂಗ್ ಹಳೆಯದೇ ಇದೆ, ಬದಲಾಯಿಸು, ಬದಲಾಯಿಸಿದೆ, ಸರಿಯಾಯಿತು, ಅವಳು ಹೋದಳು.

ಮಂಚ ಕಿರ್ ಅಂದಿತು, ಈ ಸಲ ಎದ್ದೇ ಎದ್ದಳು, ಬಾ ಬೆರಳೇ, ಓಡು, ಅಂಗಡಿಗೆ ಬರುವವರ ಹೆಸರು, ವಿಳಾಸ, ಫ್ರೇಮಿನ ಬಣ್ಣ, ಬೇಕಾದ್ದು ಬೇಡದ್ದು, ಎಲ್ಲೂ ಎಡವುತ್ತಿಲ್ಲ, ನೀರು ಹರಿದ ಹಾಗೆ ಹೋಗುತ್ತಿದೆ, ಕೇಳು ಅಮ್ಮಾ, ನಿನ್ನ ದೊಡ್ಡವಳಿಗೆ ಜ್ವರ ಬಿಟ್ಟಿದೆ, ಕೇಳು. ಆ ಕಡೆಯಿಂದ ಅಮ್ಮ, ಯಾರೇ ಅದು ಒಳಗೆ.

ಬೆರಳು ನಿಂತಿತು. ಯಾರೇ ಅದು, ದೊಡ್ಡವಳ ಕೋಣೇಲಿ ಯಾರು ಕೂತಿರೋದು, ಅವಳ ಕಾಲು ನೆಲ ತಡಕುತ್ತಿದೆ. ಹೊಸ ಕೀಗಳು ಮೆತ್ತಗೆ, ಹತ್ತಿಯ ಮೇಲೆ ಬೆರಳಿಟ್ಟ ಹಾಗೆ, ಅಕ್ಕನ ಆ ಉದ್ದ ಕೀ ಪ್ರತಿ ಪದಕ್ಕೂ ಟಕ್ ಅನ್ನುತ್ತಿತ್ತಲ್ಲ, ಆ ಟಕ್ ಎಲ್ಲಿದೆ ಇದರಲ್ಲಿ, ವೇಗ ನೋಡಿದೆ, ಅಕ್ಷರ ನೋಡಿದೆ, ಸದ್ದಿಗಾಗಿಯೇ ಇಷ್ಟು ಮಾಡಿದವಳು ಸದ್ದನ್ನೇ ಮರೆತೆ, ಮೊಳೆಗಳನ್ನು ನಾನೇ ಕೈಯಾರೆ ಮುರಿದೆ, ಇನ್ನೀಗ ಬಂದು ಕುರ್ಚಿ ತಡಕಿ, ನನ್ನ ಮುಖ ಮುಟ್ಟಿ, ದೊಡ್ಡವಳು ಎಲ್ಲೇ ಅನ್ನುತ್ತಾಳೆ, ಮತ್ತೆ ಹೇಳಬೇಕು, ಮತ್ತೆ ಆ ಕೂಗು — ತಡಿ. ಸದ್ದಿಗೆ ತಂತಿ ಯಾಕೆ. ಸದ್ದಿಗೆ ಲ್ಯಾಪ್‌ಟಾಪೇ ಯಾಕೆ. ಹಳೆಯದನ್ನು ಎಳೆದುಕೊಂಡೆ, ಮೇಜಿನ ಮೇಲೆ ಹಾಗೇ ಇಟ್ಟು ಒತ್ತಿದೆ, ಟಕ್, ಯಾವ ಪರದೆಯಲ್ಲೂ ಏನೂ ಮೂಡುವುದಿಲ್ಲ, ಸರಿ ತಪ್ಪು ನೋಡುವವರಿಲ್ಲ, ನಾನೂ ನೋಡುವುದಿಲ್ಲ, ಕಣ್ಣು ಮುಚ್ಚಿದೆ, ಬೆರಳು ತಾನೇ ಹೋಗುತ್ತಿದೆ, ಎಡವದೆ, ಅಷ್ಟು ವೇಗ ನನಗೆ ಎಲ್ಲಿಂದ ಬಂತು, ಟಕ್, ಟಕ್.

ಕಾಲಿನ ಸದ್ದು ಬಾಗಿಲಲ್ಲಿ ನಿಂತಿತು. ಓ, ನೀನೇನಾ ದೊಡ್ಡವಳೇ, ನಾನು ಯಾರೋ ಅಂದ್ಕೊಂಡೆ. ಸ್ವಲ್ಪ ಹೊತ್ತು ಕೇಳುತ್ತಾ ನಿಂತಳು. ಆಮೇಲೆ, ಅಲ್ವೇ, ಚಿಕ್ಕವಳ ಸದ್ದೇ ಇಲ್ವಲ್ಲ ಇವತ್ತು, ಅವಳೆಲ್ಲಿ ಹೋದ್ಲೇ. ಇಲ್ಲೇ ಇದೀನಮ್ಮಾ, ಅನ್ನಬೇಕು, ಹಾಗೆ ಅಂದುಬಿಟ್ಟರೆ ದೊಡ್ಡವಳು ಹೋಗುತ್ತಾಳೆ, ಬಾಯಿ ತೆರೆಯಲಾರೆ, ಬೆರಳು ನಿಲ್ಲಿಸಲಾರೆ, ಚಿಕ್ಕವಳು ಎಲ್ಲೇ, ಅಮ್ಮನ ದನಿ ಏರುತ್ತಿದೆ, ಹೇಳೇ, ಏನಾಯ್ತೇ ನನ್ನ ಚಿಕ್ಕವಳಿಗೆ, ಕಿಟಕಿಯ ಪರದೆ ಸರಿದು ಇಳಿಬಿಸಿಲು ಮೇಜಿಗೆ ಬಂತು, ಟಕ್, ಟಕ್, ಆ ಸವೆದ ಹೊಳಪಿನ ಮೇಲೆ ಒಂದು ಹೆಬ್ಬೆರಳು, ಅಳತೆ ತೆಗೆದ ಹಾಗೆ ಕೂತಿದೆ, ಅಂಚಿನಲ್ಲೆಲ್ಲೂ ಹೊಳಪು ಕಾಣುತ್ತಿಲ್ಲ.