ಒಂಬತ್ತನೆಯ ದಿನದ ಬಸ್ಸು

ಭೂಕಂಪವಾದ ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ಭಾವ ವೆಜ್ದಿ ಕಬ್ಬಿಣದ ಸರಳಿನಿಂದ ಒಬ್ಬ ಮನುಷ್ಯನ ಮೊಣಕೈ ಪುಡಿ ಮಾಡಿದ. ಅದನ್ನು ನಾನು ನೋಡಿದೆ, ಭಾವನ ಹತ್ತು ವರ್ಷದ ಮಗಳು ರಿಮಾಳೂ ನೋಡಿದಳು. ಅಲ್ಲಿಯವರೆಗೆ ತುರ್ಕಿಯ ನಮ್ಮೂರು ಅಂತಾಕ್ಯ ಬಿಟ್ಟು ಹೋಗಬೇಕೋ ಬೇಡವೋ ಎನ್ನುವುದು ನಮ್ಮ ನಮ್ಮೊಳಗಿನ ಜಗಳವಾಗಿತ್ತು. ಆಮೇಲೆ ಜಗಳವಾಡಲು ಏನೂ ಉಳಿಯಲಿಲ್ಲ.

ರಿಮಾಳ ತಾಯಿ, ನನ್ನ ಅಕ್ಕ ನಿದಾಲ್, ಅವರ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದಳು. ಎಂಟು ಮಹಡಿಯೂ ರೊಟ್ಟಿ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿದ್ದವು. ವೆಜ್ದಿ ಮಿನಿಬಸ್ಸು ಓಡಿಸುವವನು, ಭೂಮಿ ನಡುಗಿದ ಹೊತ್ತಿಗೆ ಪ್ರಯಾಣಿಕರನ್ನು ಅದಾನಾ ವಿಮಾನ ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದ. ರಿಮಾ ಹಿಂದಿನ ಸಂಜೆ ಖಾರದ ರೊಟ್ಟಿ ತಟ್ಟುವುದನ್ನು ಕಲಿಯುತ್ತೇನೆಂದು ನನ್ನ ಮನೆಗೆ ಬಂದಿದ್ದಳು. ನನ್ನದು ಹಳೆಯ ಕೇರಿಯ ಒಂದಂತಸ್ತಿನ ಮನೆ, ಅರ್ಧ ಗೋಡೆ ಮಾತ್ರ ಬಿತ್ತು. ಹೀಗೆ ಮೂವರು ಉಳಿದೆವು.

ಎರಡನೆಯ ದಿನದವರೆಗೂ ಅಕ್ಕನ ದನಿ ಕೇಳುತ್ತಿತ್ತು. ಅವಳು ನೀರು ಕೇಳಲಿಲ್ಲ, "ರಿಮಾ ಎಲ್ಲಿ?" ಅಂತಲೇ ಕೇಳಿದಳು. "ಇಲ್ಲೇ ಇದಾಳೆ" ಎಂದು ನಾವು ಕೂಗಿ ಹೇಳಿದೆವು. ವೆಜ್ದಿ ಕೈಯಲ್ಲೇ ಅಗೆದ, ಮೂರು ಉಗುರು ಕಳಚಿಹೋದವು. ಆಮೇಲೆ ದನಿ ನಿಂತಿತು. ಕಲ್ಲು ಎತ್ತುವ ಯಂತ್ರ ಬಂದದ್ದು ಆರನೆಯ ದಿನ. ಅದೂ ಮುಂಭಾಗದಿಂದ ಶುರು ಮಾಡಿತು, ಅಕ್ಕನ ಮನೆ ಹಿಂಭಾಗದಲ್ಲಿತ್ತು. ಒಳಗೆ ನಮ್ಮವರಿದ್ದಾರೆಂದು ನಾವು ಅಲ್ಲೇ ಕೂತು "ನಿಲ್ಸು!" ಎಂದು ಕೂಗದಿದ್ದರೆ ಹೆಣವೂ ಕಲ್ಲಿನ ಜೊತೆ ಲಾರಿಗೆ ಹೋಗುತ್ತಿತ್ತು. ಅದಕ್ಕೇ ಬೀದಿಯುದ್ದಕ್ಕೂ ಪ್ರತಿಯೊಂದು ರಾಶಿಯ ಎದುರು ಒಂದೊಂದು ಮನೆಯವರು ಡಬ್ಬದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಹೇಳಿದೆ, "ಭಾವ, ಆಟದ ಮೈದಾನದಿಂದ ಮೂರು ಗಂಟೆಗೆ ಮೆರ್ಸಿನ್ ಬಸ್ಸಿದೆ. ಅಲ್ಲಿ ನನ್ ಗೆಳತಿ ಸುಹೇಲಾ ಮನೆ ಖಾಲಿ ಇದೆಯಂತೆ. ರಿಮಾನ ಕರ್ಕೊಂಡು ಹೋಗ್ತೀನಿ. ನೀನಿಲ್ಲಿರು."

"ಅವಳಮ್ಮನ್ನ ಇಲ್ಲೇ ಬಿಟ್ಟು?"

"ಮಗು ಒಂದೇ ಸಮ ಕೆಮ್ಮುತ್ತೆ, ಕೇಳ್ತಿಲ್ವಾ?"

"ಕೆಮ್ಮಲಿ ಬಿಡು. ಈ ಬೀದೀಲಿ ಕೆಮ್ಮು ಕೇಳಿಸಿದ್ರೆ ಒಬ್ರು ಬದುಕಿದಾರೆ ಅಂತ."

ಮೊದಲಾಗಿದ್ದರೆ ಅವನ ಇಂಥ ಮಾತಿಗೆ ಇಡೀ ಮಿನಿಬಸ್ಸು ನಗುತ್ತಿತ್ತು. ನಾನು ನಗಲಿಲ್ಲ. ಅವನಿಗೆ ಸಿಟ್ಟು ಬಂತು.

"ನೀನು ಹೋಗಮ್ಮ. ನಿಂದು ಮೊದ್ಲಿಂದ್ಲೂ ಹಗುರ ಕಾಲು. ಗಂಡನ್ನೂ ಹೀಗೇ ಒಂದು ಬಸ್ ಹತ್ತಿ ಬಿಟ್ಟು ಬಂದೋಳಲ್ವಾ? ನನ್ ಮಗಳು ಮಾತ್ರ ಅವಳಮ್ಮ ಹೊರಗೆ ಬರೋವರ್ಗೂ ಇಲ್ಲಿಂದ ಅಲ್ಲಾಡಲ್ಲ."

ನಿಜ ಹೇಳಬೇಕೆಂದರೆ ನನಗೂ ಹೋಗಲು ಮನಸ್ಸಿರಲಿಲ್ಲ. ಅಕ್ಕನನ್ನು ಒಮ್ಮೆ ತೊಳೆದು, ಬಟ್ಟೆ ಸುತ್ತಿ ಮಣ್ಣು ಮಾಡದೆ ಹೇಗೆ ಹೋಗಲಿ?

ಊಟದ ಹೊತ್ತಿಗೆ ರಾಶಿಯ ಆ ಬದಿಯಿಂದ ಕೂಗು ಬಂತು. "ಕಳ್ಳ! ಕಳ್ಳ ಸಿಕ್ಕ!"

ಕೂಗಿದವನು ಚರ್ಮದ ಜಾಕೆಟ್ಟಿನವನು, ನಮ್ಮ ಬೀದಿಯವನಲ್ಲ. ಅವನು ಹಿಡಿದುಕೊಂಡಿದ್ದ ಮನುಷ್ಯನಿಗೆ ಐವತ್ತರ ಹತ್ತಿರ ಹತ್ತಿರ ವಯಸ್ಸು, ಮೈಯೆಲ್ಲ ಸುಣ್ಣದ ಧೂಳು. ಕೈಯಲ್ಲಿ ಹೆಂಗಸರ ಕಂದು ಬಣ್ಣದ ಬ್ಯಾಗು. ಅದರೊಳಗೆ ನಾಲ್ಕು ಚಿನ್ನದ ಬಳೆ.

"ಸಿರಿಯಾದೋನು! ನೋಡ್ರೋ, ಸತ್ತೋರ ಕೈಯಿಂದ ಬಳೆ ಬಿಚ್ಚವ್ನೆ!"

ಒಂಬತ್ತು ದಿನದಿಂದ ಜನಕ್ಕೆ ಹೊಡೆಯಲು ಯಾರೂ ಸಿಕ್ಕಿರಲಿಲ್ಲ. ಭೂಮಿಗೆ ಹೊಡೆಯಲಾಗುವುದಿಲ್ಲ, ಕಟ್ಟಿದ ಕಂಟ್ರಾಕ್ಟರು ಊರಲ್ಲಿರಲಿಲ್ಲ. ಇವನು ಸಿಕ್ಕ. ಮೊದಲ ಒದೆತಕ್ಕೆ ಅವನು ಮಂಡಿಯೂರಿದ, ಎರಡನೆಯದಕ್ಕೆ ಮುಖ ಕೆಳಗಾಗಿ ಬಿದ್ದ. ಯಾರೋ ಅವನ ತಲೆಗೂದಲು ಹಿಡಿದೆತ್ತಿ ಮೂಗನ್ನು ಕಾಂಕ್ರೀಟಿಗೆ ಕುಟ್ಟಿದರು. ಮೊನ್ನೆ ನನಗೆ ಸೂಪು ತಂದುಕೊಟ್ಟಿದ್ದ ಹೆಂಗಸು ಚಪ್ಪಲಿ ಬಿಚ್ಚಿ ಅವನ ಕಿವಿಯ ಮೇಲೆ ಹೊಡೆಯುತ್ತಿದ್ದಳು, ಪ್ರತಿ ಏಟಿಗೂ ತನ್ನ ಮಗನ ಹೆಸರು ಹೇಳುತ್ತಿದ್ದಳು.

ಅವನು ಅರಬ್ಬಿಯಲ್ಲಿ ಒಂದೇ ಮಾತು ಹೇಳುತ್ತಿದ್ದ. ನಮ್ಮ ತವರಿನ ಭಾಷೆ ಅದೇ, ನನಗೆ ತಿಳಿಯಿತು.

"ನನ್ ಹೆಂಡ್ತಿದು. ಅವಳು ಕೆಳಗಿದಾಳೆ. ಕೆಳಗಿದಾಳೆ."

ನಾನು ಜನರ ನಡುವೆ ನುಗ್ಗಿ ತುರ್ಕಿಯಲ್ಲಿ ಕಿರುಚಿದೆ, "ಬಿಡ್ರೋ! ಅವನ ಹೆಂಡ್ತಿ ಬ್ಯಾಗಂತೆ! ಇದೇ ಕಟ್ಟಡದೋರು!"

"ಇವಳೂ ಅವನ ಭಾಷೆಯೋಳೇ ಕಣ್ರೋ" ಎಂದ ಒಬ್ಬ. ಯಾರದೋ ಮುಷ್ಟಿ ನನ್ನ ಬಾಯಿಗೆ ಬಿತ್ತು. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು.

ಆಗ ವೆಜ್ದಿ ಸರಳು ಹಿಡಿದು ರಾಶಿ ಇಳಿದು ಬಂದ. "ನಿದಾಲ್ ಬ್ಯಾಗಾ? ನಿದಾಲ್ ಬ್ಯಾಗೇನೋ ಅದು?"

"ಅಕ್ಕಂದು ಕಪ್ಪು ಬ್ಯಾಗು, ಭಾವ! ಕಪ್ಪು!"

ಅವನಿಗೆ ಕೇಳಿಸಿತೋ ಇಲ್ಲವೋ. ಮೊದಲ ಏಟು ಬೆನ್ನಿಗೆ ಬಿತ್ತು. ಆ ಮನುಷ್ಯ ತಲೆ ಉಳಿಸಿಕೊಳ್ಳಲು ಕೈ ಎತ್ತಿದ. ಎರಡನೆಯದು ಮೊಣಕೈಗೆ ಬಿತ್ತು, ಅಕ್ರೋಟು ಒಡೆದಂಥ ಸದ್ದಾಯಿತು. ಒದೆಯುತ್ತಿದ್ದ ಕಾಲುಗಳು ನಿಂತವು.

ಕಲ್ಲಿನ ರಾಶಿಯ ಮೇಲಿಂದ ರಿಮಾ ಹೇಳಿದಳು, "ಅಪ್ಪ, ಅದು ಅಮ್ಮಂದಲ್ಲ."

ಅವಳು ಅಳುತ್ತಿರಲಿಲ್ಲ, ಕೂಗಲೂ ಇಲ್ಲ. ವೆಜ್ದಿ ತಲೆಯೆತ್ತಿ ಅವಳನ್ನು ನೋಡಿದ. ಅವಳ ಮಾತು ಅವನಿಗೆ ಅರ್ಥವಾದದ್ದು ನನಗೆ ಕಂಡಿತು. ಆಮೇಲೂ ಅವನು ಅದೇ ಮೊಣಕೈಗೆ ಇನ್ನೊಂದು ಏಟು ಹೊಡೆದ.

ನಾನು ಊರು ಬಿಟ್ಟದ್ದು ಆ ಏಟಿಗೆ.

ಜನ ಚದುರಿದರು. ಚರ್ಮದ ಜಾಕೆಟ್ಟಿನವನು ಎಲ್ಲೂ ಇರಲಿಲ್ಲ, ಬ್ಯಾಗೂ ಇರಲಿಲ್ಲ. ಬಿದ್ದವನ ತೋಳಿನಿಂದ ಬಿಳಿಯ ಮೂಳೆ ಹೊರಗೆ ಬಂದಿತ್ತು. ಕಿರಾಣಿ ಅಂಗಡಿಯ ಹಿಕ್ಮೆತ್ ಒಂದು ಮುರಿದ ಬಾಗಿಲು ಎಳೆದು ತಂದ. ಇಬ್ಬರೂ ಸೇರಿ ಅವನನ್ನು ಅದರ ಮೇಲೆ ಮಲಗಿಸಿದೆವು. ಗುಡಾರದ ಆಸ್ಪತ್ರೆ ಮೈದಾನದ ಪಕ್ಕದಲ್ಲೇ ಇತ್ತು.

"ರಿಮಾ, ಬೂಟು ಹಾಕ್ಕೋ" ಎಂದೆ.

ವೆಜ್ದಿ ಬಂದು ಅವಳ ತೋಳು ಹಿಡಿದ. "ಎಲ್ಲಿಗೆ?"

"ಮೆರ್ಸಿನ್‌ಗೆ."

"ಅವಳಮ್ಮ..."

"ಅವಳಮ್ಮ ಇಲ್ಲಿ ಕೂರಿಸು ಅಂದಿದ್ಲಾ? ಇದನ್ನ ತೋರಿಸು ಅಂದಿದ್ಲಾ?"

ಅವನು ಮಗಳನ್ನು ತನ್ನ ಕಡೆಗೆ ಜಗ್ಗಿದ. ರಿಮಾ ನೋವಿಗೆ ಚೀರಿದಳು, ಬಾಗಿ ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ. ಅವನು ಕೆಳಗೆ ಬಿಸಾಡಿದ್ದ ಸರಳನ್ನು ನಾನು ಎತ್ತಿಕೊಂಡೆ. ಅದರ ತುದಿ ಇನ್ನೂ ಒದ್ದೆಯಾಗಿತ್ತು.

"ಬಿಡು."

"ಹೊಡೀತೀಯಾ? ನನಗೆ ಹೊಡೀತೀಯೇನೇ?"

ಹೊಡೆದೆ. ಭುಜದ ಮೂಳೆಗೆ ತಗುಲಿತು. ಅವನ ಕೈ ಸಡಿಲವಾಯಿತು, ನಿಂತಲ್ಲೇ ಕುಸಿದು ಕೂತ. ಹೊಡೆದಾಗ ನನ್ನ ಕೈಗೆ ಒಂದು ಹಿತವೂ ಆಯಿತು. ಹಾಗಾಗಬಾರದಿತ್ತು, ಆದರೆ ಆಯಿತು. ಬೀದಿಯ ಜನಕ್ಕೆ ಏನಾಗಿತ್ತೆಂದು ಆಗ ನನಗೆ ಗೊತ್ತಾಯಿತು.

ನಾನೂ ಹಿಕ್ಮೆತ್ತೂ ಬಾಗಿಲು ಹೊತ್ತು ಹೋಗುವಾಗ ಆ ಮನುಷ್ಯನಿಗೆ ಎಚ್ಚರವಾಯಿತು. ಹೆಸರು ಫವ್ವಾಜ್, ಹೆಂಡತಿ ಹಸ್ನಾ, ಐದನೆಯ ಮಹಡಿಯಲ್ಲಿ ಹಿಂದಿನ ಕೋಣೆ. ಆಸ್ಪತ್ರೆ ಹತ್ತಿರವಾದಾಗ ಅವನು ಬಾಗಿಲಿನಿಂದ ಇಳಿಯಲು ಒದ್ದಾಡಿದ.

"ಇಳಿಸಮ್ಮ ನನ್ನ. ನಾನಿಲ್ದೇ ಇದ್ರೆ ಯಂತ್ರ ನಿಲ್ಸು ಅಂತ ಯಾರು ಹೇಳ್ತಾರೆ?"

ನನ್ನ ಅಕ್ಕನಿಗಾದರೆ ಹೇಳುವವನೊಬ್ಬನಿದ್ದ, ಇವನ ಹೆಂಡತಿಗೆ ಯಾರೂ ಇರಲಿಲ್ಲ. ಅವನನ್ನು ವೈದ್ಯರ ಕೈಗೆ ಕೊಟ್ಟು ಬಂದೆ. ಬಸ್ಸು ಹೊರಟಾಗ ರಿಮಾ ಕಿಟಕಿಯ ಕಡೆ ತಿರುಗಲಿಲ್ಲ. ನನ್ನ ಬಾಯಿಂದ ಒಸರುತ್ತಿದ್ದ ರಕ್ತವನ್ನು ತನ್ನ ಟೋಪಿಯಿಂದ ಒರೆಸುತ್ತ ಕೂತಿದ್ದಳು.

ಹದಿಮೂರನೆಯ ದಿನ ವೆಜ್ದಿ ಫೋನು ಮಾಡಿದ. "ಸಿಕ್ಕಿದ್ಲು" ಎಂದ. "ನಾನೇ ಗುಂಡಿಗೆ ಇಳಿಸಿದೆ" ಎಂದ. ಎರಡು ದಿನದ ಮೇಲೆ, ಸಂಜೆ, ಭೂಮಿ ಮತ್ತೆ ನಡುಗಿತು. ಆಗ ನನ್ನ ಮನೆಯ ಉಳಿದ ಅರ್ಧವೂ ಬಿತ್ತು. ಅವನು ಗುಡಾರದಲ್ಲಿದ್ದ, ಬದುಕಿಕೊಂಡ.

ಏಪ್ರಿಲ್‌ನಲ್ಲಿ ಅವನು ಮೆರ್ಸಿನ್ನಿಗೆ ಬಂದ. ಹೊಸಿಲಾಚೆಯೇ ನಿಂತ, ಬಲಭುಜ ಸ್ವಲ್ಪ ಇಳಿದಿತ್ತು. ರಿಮಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಆ ಮನುಷ್ಯ ಬದುಕಿದಾನಾ?" ಎಂದು ಕೇಳಿದಳು.

"ಗೊತ್ತಿಲ್ಲ ಮಗ."

"ಅವನ ಹೆಂಡ್ತಿ ಸಿಕ್ಕಿದ್ಲಾ?"

ವೆಜ್ದಿ ನೆಲ ನೋಡಿದ. "ಅಮ್ಮ ಸಿಗೋಕೆ ಹಿಂದಿನ ದಿನ, ಐದನೇ ಮಹಡೀಲಿ ಒಬ್ಬ ಹೆಂಗಸು ಸಿಕ್ಕಿದ್ಲು. ನಾನೇ ಯಂತ್ರ ನಿಲ್ಸಿದೆ. ಕೇಳೋರು ಯಾರೂ ಇರ್ಲಿಲ್ಲ. ಹೆಸರು ಕೇಳಿದ್ರು, ಗೊತ್ತಿಲ್ಲ ಅಂದೆ. ಹಲಗೆ ಮೇಲೆ ಬರೀ ನಂಬರ್ ಬರೆದು ಹೂಳಿದ್ರು."

"ಹಸ್ನಾ" ಎಂದೆ ನಾನು.

"ನಂಬರ್ ನೆನಪಿದೆಯಾ ಅಪ್ಪ?"

"ಇದೆ."

"ಹಾಗಾದ್ರೆ ಹೋಗಿ ಅವ್ರಿಗೆ ಹೇಳು. ಆಮೇಲೆ ಬಾ."

ಅವನು ನನ್ನ ಮುಖ ನೋಡಿದ. ನಾನು ಫವ್ವಾಜನ ಹೆಸರನ್ನೂ ಹೇಳಿದೆ. ನೀರನ್ನೂ ಕುಡಿಯದೆ ಹೊರಟುಹೋದ.

ಮೂರು ವಾರ ಹಿಡಿಯಿತು. ಗುಡಾರದ ಆಸ್ಪತ್ರೆಯಿಂದ ಅದಾನಾ, ಅದಾನಾದಿಂದ ಒಸ್ಮಾನಿಯೆಯ ಹತ್ತಿರದ ಶಿಬಿರ. ಅಲ್ಲಿ ಫವ್ವಾಜ್ ಸಿಕ್ಕ. ಕೈ ಮಡಚಿದಂತೆಯೇ ಗಟ್ಟಿಯಾಗಿಬಿಟ್ಟಿತ್ತು. ಗುರುತು ಹಿಡಿದವನೇ ಉಗಿದ. ವೆಜ್ದಿ ಮುಖ ಒರೆಸಿಕೊಂಡು ನಂಬರು ಹೇಳಿದ. ಫವ್ವಾಜ್ ಅದನ್ನು ಎಡಗೈಯಲ್ಲಿ ಬರೆದುಕೊಂಡ. ಮರುದಿನ ಮಿನಿಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಅಂತಾಕ್ಯದ ಹೊಸ ಸ್ಮಶಾನದವರೆಗೂ ಬಂದ. ಹದಿನಾಲ್ಕು ಸೀಟು ಖಾಲಿಯಿದ್ದವು, ಇಬ್ಬರೇ ಇದ್ದರು.

ಇದನ್ನೆಲ್ಲ ವೆಜ್ದಿ ಮತ್ತೆ ಬಂದಾಗ ಹೊಸಿಲಿನಾಚೆ ನಿಂತೇ ಹೇಳಿದ. ತಾನು ಅಂತಾಕ್ಯದಲ್ಲೇ ಇರುತ್ತೇನೆ, ನಿದಾಲ್ ಅಲ್ಲಿದ್ದಾಳೆ, ರಿಮಾ ಇಲ್ಲಿ ಓದಲಿ ಎಂದ.

"ವಾಪಸ್ ಬಿಟ್ಟಾಗ ಅವ್ರು ಏನಾದ್ರೂ ಅಂದ್ರಾ?" ಎಂದು ರಿಮಾ ಕೇಳಿದಳು.

"ಇಲ್ಲ. ಇಳಿದು ಬಾಗಿಲು ಹಾಕ್ದ."

"ಮೆಲ್ಲಗೆ ಹಾಕಿದ್ರಾ, ಜೋರಾಗಾ?"

"ಜೋರಾಗಿ."

ರಿಮಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಿ, ಅಪ್ಪಂಗೆ ತಿನ್ನೋಕೆ ಏನಾದ್ರೂ ಕೊಡು" ಎಂದಳು.